ಶಾಯಿ ಹಚ್ಚದ ಇಲೆಕ್ಷನ್

ಪಂಚಾಯ್ತಿಯ ಮನೆ ತೆರಿಗೆ ನೋಟೀಸು ಹಂಚುತ್ತ ಅಂಕಲಿಯ ಓಣಿಯಲ್ಲಿ ತಿರುಗುತ್ತಿದ್ದೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಮುದುಕಿಯ ಪಕ್ಕದಲ್ಲಿ ರೇಡಿಯೋ, ಹೊಸ ರಾಷ್ಟ್ರಪತಿ ಆರಿಸಿ ಬಂದ ಸುದ್ದಿ ಹೇಳುತ್ತಿತ್ತು.

"ಇಲೆಕ್ಷನ್ ಯಾವಾಗ ಆತ್ರಿ ಸಾಹೇಬ್ರ?" ಎಂದು ಆಕೆ ಎಡಗೈ ತೋರುಬೆರಳು ಚಾಚಿದಳು. "ನೋಡ್ರಿ, ಶಾಯಿನ ಹಚ್ಚಿಲ್ಲ."

"ಅದಕ್ಕ ನೀವು ಓಟ್ ಹಾಕೂದಿಲ್ಲ ಆಯಿ. ನೀವು ಆರಿಸಿದ ಎಮ್ಮೆಲ್ಲೆ, ಎಂಪಿಗಳು ನಿಮ್ಮ ಪರವಾಗಿ ಹಾಕ್ತಾರ."

"ಹಂಗಾರ ಮನೀಪಟ್ಟೀನೂ ನಮ್ಮ ಪರವಾಗಿ ಅವರ ತುಂಬ್ತಾರೇನ್ರಿ?"

ಮನೆ ತೆರಿಗೆಯ ನೋಟೀಸನ್ನು ಆಕೆಯ ಕೈಗಿತ್ತು, ಮುಟ್ಟಿದ್ದಕ್ಕೆ ಹೆಬ್ಬಟ್ಟು ಒತ್ತಿಸಿಕೊಂಡೆ. ಆಕೆ ನೀಲಿಯಾದ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕ ಮಾತ್ರ ನಾನ ಬೇಕು ನೋಡ್ರಿ" ಎಂದಳು.

ಶಾಯಿ ಪ್ಯಾಡು ಮುಚ್ಚುವಾಗ ನನ್ನ ಬೆರಳೂ ನೀಲಿಯಾಗಿತ್ತು. ರಾಷ್ಟ್ರಪತಿಯನ್ನು ಆರಿಸುವಾಗ ನನ್ನನ್ನೂ ಯಾರೂ ಕೇಳಿರಲಿಲ್ಲ.