ದಾದಾಪೀರ್ ತಿದ್ದಿದ ಅರ್ಜಿ

ಹೋದ ಸೋಮವಾರ ನಾನು ಒಂದು ಬಿದಿರಿಗೆ ಬಸ್ ಟಿಕೆಟ್ ತೆಗೆದುಕೊಂಡೆ. ನಗಬೇಡಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ, ಪೂರ್ತಿ ಟಿಕೆಟ್.

ಹದಿಮೂರು ಅಡಿ ಉದ್ದದ ಬಿದಿರು. ಬಸ್ಸಿನ ಮೇಲೆ ಮಲಗಿಸಿ ಹಗ್ಗ ಬಿಗಿದಿದ್ದೆವು. ಕಂಡಕ್ಟರ್ ಕೆಳಗೆ ನಿಂತು ಒಮ್ಮೆ ನೋಡಿದ, ಏಣಿ ಹತ್ತಿ ಒಮ್ಮೆ ನೋಡಿದ.

"ಏನ್ ಮೇಷ್ಟ್ರೇ, ಮನೆ ಕಟ್ಟಿಸ್ತಿದ್ದೀರಾ?"

"ಇಲ್ಲಪ್ಪ. ಕಾಲೇಜಿಗೆ ಸೇರಿಸೋಕೆ ಹೋಗ್ತಿದ್ದೀವಿ."

"ಬಿದಿರನ್ನಾ?"

ನನ್ನ ಪಕ್ಕದಲ್ಲಿದ್ದ ದಾದಾಪೀರ್ ಜೋರಾಗಿ ನಕ್ಕುಬಿಟ್ಟ. ಕಾಲೇಜಿಗೆ ಸೇರಬೇಕಾಗಿದ್ದವನು ಅವನು. ಬಿದಿರು ಅವನದು. ಕಂಡಕ್ಟರ್‌ಗೆ ಅದು ಬರೀ ನಗು. ನನಗೆ ಹಾಗಲ್ಲ. ಈ ಹುಡುಗ ಇನ್ನು ನಗುವುದೇ ಇಲ್ಲ ಎಂದು ನಾನು ಖಾತ್ರಿ ಮಾಡಿಕೊಂಡಿದ್ದ ಒಂದು ಕಾಲವಿತ್ತು.

ಈ ಅಂಕಣ ಓದುವವರಿಗೆ ನಾನು ಭೂಗೋಳದ ಮೇಷ್ಟ್ರು ಎನ್ನುವುದು ಗೊತ್ತು. ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ವರ್ಗವಾಗಿ ಹೋದಾಗ ಹೆಡ್ಮಾಸ್ಟರು ಅವರ ವಿಸಿಲ್ಲನ್ನು ನನ್ನ ಕೊರಳಿಗೆ ಹಾಕಿದರು. "ನೀವು ತೆಳ್ಳಗಿದ್ದೀರಿ" ಎನ್ನುವುದೊಂದೇ ಅವರು ಕೊಟ್ಟ ಕಾರಣ. (ಚರಂಡಿ ದಾಟಬೇಕಾದರೂ ಎರಡು ಸಲ ಯೋಚಿಸುವವನು ನಾನು. ಅದನ್ನು ಅವರು ವಿಚಾರಿಸಲಿಲ್ಲ.)

ವಿಸಿಲ್ಲಿನ ಜೊತೆಗೆ ನನಗೆ ಸಿಕ್ಕವನು ದಾದಾಪೀರ್. ಬಿದಿರು ಸಾಗಿಸುವ ಲಾರಿಯ ಡ್ರೈವರ್ ಹುಸೇನ್ ಸಾಬರ ಮಗ. ಪೋಲ್ ವಾಲ್ಟ್ ಅವನ ಹುಚ್ಚು. ಉದ್ದದ ಗಳ ಹಿಡಿದು ಓಡಿಬಂದು, ಅದರ ತುದಿಯನ್ನು ನೆಲದ ಗುಂಡಿಗೆ ಊರಿ, ಆ ಬಲದಲ್ಲಿ ಮೇಲೆದ್ದು ಅಡ್ಡಪಟ್ಟಿ ದಾಟುವುದು. ದೊಡ್ಡ ಊರುಗಳಲ್ಲಿ ಈಗ ಲೋಹದ ಗಳ ಬಂದಿದೆಯಂತೆ. ಕಾಗದದ ಕಾರ್ಖಾನೆಗೆ ದಿನಾ ಲಾರಿಗಟ್ಟಲೆ ಬಿದಿರು ಬಂದು ಬೀಳುವ ನಮ್ಮೂರಿನಲ್ಲಿ ಲೋಹ ಯಾರಿಗೆ ಬೇಕು? ಬೀಳುವ ಜಾಗಕ್ಕೆ ಮರಳು, ಅದರ ಮೇಲೆ ಸಾಮಿಲ್ಲಿನಿಂದ ತಂದ ಮರದ ಹೊಟ್ಟು. ಮುಗಿಯಿತು, ನಮ್ಮ ಸ್ಟೇಡಿಯಂ ತಯಾರು.

ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಅವನು ಒಂಬತ್ತು ಅಡಿ ದಾಟುತ್ತಿದ್ದ. ರಾಜ್ಯಮಟ್ಟದ ಪಂದ್ಯಕ್ಕೆ ಹೆಸರು ಹೋಗಿತ್ತು. ಆಗಲೇ ಹಳೆಯ ಗಳದಲ್ಲಿ ಒಂದು ಸೀಳು ಕಂಡಿತು.

"ಇದರಲ್ಲಿ ಹಾರಬೇಡ ಕಣೋ, ಹೊಸದು ತರಿಸು" ಎಂದವನು ನಾನೇ.

ಅವನು ಅಪ್ಪನಿಗೆ ಹೇಳಿದ. ಹುಸೇನ್ ಸಾಬರು ಕಾಡಿನಲ್ಲಿ ಲಾರಿಗೆ ಲೋಡ್ ತುಂಬಿದ ಮೇಲೂ ಒಂದು ಗಂಟೆ ಹುಡುಕಿ, ನೆಟ್ಟಗಿನ, ಗೆಣ್ಣು ಸಮವಾಗಿರುವ ಒಂದು ಬಿದಿರನ್ನು ಆರಿಸಿದರು. ಆ ಒಂದು ಗಂಟೆಯಲ್ಲಿ ಮಳೆ ಹಿಡಿಯಿತು. ಇಳಿಜಾರಿನ ತಿರುವಿನಲ್ಲಿ ಲಾರಿ ಜಾರಿ ಹಳ್ಳಕ್ಕೆ ಮಗುಚಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಅಪ್ಪ ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ದಾದಾಪೀರ್ ಗಟ್ಟಿಯಾಗಿದ್ದ. ಬುತ್ತಿ ಒಯ್ದ, ಔಷಧಿ ತಂದ, ಬೀಡಿ ಕಟ್ಟುವ ಅಮ್ಮ ಫಾತಿಮಾಬಿಗೆ ಎಲೆ ಕತ್ತರಿಸಿ ಕೊಟ್ಟ. ಎಲ್ಲರೂ ಭೇಷ್ ಎಂದೆವು. ಅಪ್ಪ ಮನೆಗೆ ಬಂದ ವಾರಕ್ಕೆ ಅವನು ಮಲಗಿದ.

ಜ್ವರವಿಲ್ಲ, ನೋವಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ, ಅಷ್ಟೇ. ತಟ್ಟೆ ಹಾಗೇ ವಾಪಸು ಬರುತ್ತಿತ್ತು. ಸ್ನಾನಕ್ಕೆ ಏಳು ಎಂದು ಮೂರು ಸಲ ಹೇಳಬೇಕು. ಮಾತು ಒಂದೋ ಎರಡೋ ಪದ. ಪರೀಕ್ಷೆಯ ಹಾಲ್ ಟಿಕೆಟ್ ಬಂದು ನನ್ನ ಮೇಜಿನ ಡ್ರಾಯರಿನಲ್ಲಿ ಕೂತಿತು. ಪರೀಕ್ಷೆ ಬಂತು, ಹೋಯಿತು. ಅವನು ಏಳಲಿಲ್ಲ.

ಬೀದಿಯಲ್ಲಿ ಒಬ್ಬರು ಗಾಳಿ ಸೋಕಿದೆ ಎಂದರು. ಇನ್ನೊಬ್ಬರು ಸೋಮಾರಿತನ ಎಂದರು. ಓದಲಾಗದೆ ನಾಟಕ ಆಡುತ್ತಿದ್ದಾನೆ ಎಂದವರೂ ಇದ್ದರು. ನಾನು ಏನು ಮಾಡಿದೆ? ಮೇಷ್ಟ್ರು ಏನು ಮಾಡುತ್ತಾರೋ ಅದನ್ನೇ. ಹೋಗಿ ಭಾಷಣ ಮಾಡಿದೆ.

"ನಿಮ್ಮಪ್ಪನ್ನ ನೋಡೋ. ಕಾಲು ಹೋದ್ರೂ ನಗ್ತಾ ಇದ್ದಾರೆ. ನಿನಗೆ ಎರಡು ಕಾಲೂ ಗಟ್ಟಿಯಾಗಿವೆ. ಹೀಗೆ ಮಲಗೋಕೆ ನಾಚಿಕೆ ಆಗಲ್ವಾ?"

"ಆಗುತ್ತೆ ಸಾರ್" ಎಂದ. ಮತ್ತೆ ಗೋಡೆಯ ಕಡೆ ತಿರುಗಿದ.

ನನ್ನ ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ಯಾವ ಹುಡುಗನೂ ನನ್ನ ಬಾಯನ್ನು ಹಾಗೆ ಮುಚ್ಚಿಸಿರಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ಫಾತಿಮಾಬಿ ಶಾಲೆಯ ಬಾಗಿಲಿಗೇ ಬಂದರು. ಸೆರಗಿನ ತುದಿ ಬಾಯಲ್ಲಿತ್ತು. "ಮೇಷ್ಟ್ರೇ, ನಾನಿಲ್ದಿದ್ರೆ ನಿಮಗೆಲ್ಲ ಚೆನ್ನಾಗಿರ್ತಿತ್ತು ಅಂತಾನೆ. ಅವನನ್ನ ಒಬ್ಬನೇ ಬಿಡೋಕೆ ನನಗೆ ಹೆದರಿಕೆ. ಏನಾದ್ರೂ ಮಾಡಿ."

ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಗಳ ಚಿಕಿತ್ಸೆ ಕಲಿತು ಬಂದ ಒಬ್ಬ ಡಾಕ್ಟರು ಶಿವಮೊಗ್ಗದಲ್ಲಿದ್ದಾರೆ ಎಂದು ಕೇಳಿದ್ದೆ. ಮಾರನೆಯ ದಿನವೇ ಹೊರಟೆವು. ನೆರೆಯವರು ಮೊದಲು ದರ್ಗಾಕ್ಕೆ ಹೋಗಿ ತಾಯತ ಕಟ್ಟಿಸಿ ಎಂದು ಹಟ ಹಿಡಿದರು. ಹುಸೇನ್ ಸಾಬರು ಅವರನ್ನೂ ನೋಯಿಸಲಿಲ್ಲ, ನನ್ನನ್ನೂ ನೋಯಿಸಲಿಲ್ಲ. "ತಾಯತ ತೋಳಿಗೆ, ಮಾತ್ರೆ ಹೊಟ್ಟೆಗೆ. ಒಂದಕ್ಕೊಂದು ಜಗಳ ಆಡಲ್ಲ ಬಿಡಿ" ಎಂದರು.

ಡಾಕ್ಟರು ಹುಡುಗನ ಜೊತೆ ಒಂದು ಗಂಟೆ ಒಬ್ಬರೇ ಕೂತರು. ಆಮೇಲೆ ಹುಸೇನ್ ಸಾಬರನ್ನೂ ನನ್ನನ್ನೂ ಒಳಗೆ ಕರೆದರು.

"ಇದು ಕಾಯಿಲೆ. ನಿಮ್ಮ ಕಾಲಿನ ಮೂಳೆ ಮುರಿದಿದ್ದು ಎಕ್ಸ್‌ರೇಯಲ್ಲಿ ಕಂಡಿತು. ಇದು ಕಾಣೋದಿಲ್ಲ. ಹಾಗಂತ ನೋವು ಕಡಿಮೆ ಏನಲ್ಲ. ಮಾತ್ರೆ ಕೊಡ್ತೀನಿ. ಇವನನ್ನ ಒಬ್ಬನೇ ಬಿಡಬೇಡಿ. ದಿನಾ ಬೆಳಿಗ್ಗೆ ಬಿಸಿಲಿಗೆ ಕರ್ಕೊಂಡು ಹೋಗಿ, ನಡೆಸಿ. ಧೈರ್ಯ ತಗೋ, ಗಂಡಸಾಗು ಅಂತ ಯಾರೂ ಭಾಷಣ ಮಾಡಬೇಡಿ."

ಕೊನೆಯ ಮಾತು ಹೇಳುವಾಗ ಅವರು ನನ್ನನ್ನೇ ಯಾಕೆ ನೋಡಿದರೋ. (ಮೇಷ್ಟ್ರ ಮುಖದಲ್ಲಿ ಭಾಷಣ ಬರೆದಿರುತ್ತದೇನೋ.)

ನಡೆಸಿ ಎಂದರೆ ಅವನು ನಡೆಯಬೇಕಲ್ಲ? ಹುಸೇನ್ ಸಾಬರು ಒಂದು ಉಪಾಯ ಮಾಡಿದರು. ಮರುದಿನ ಬೆಳಿಗ್ಗೆ ಊರುಗೋಲು ಹಿಡಿದು ಮಗನ ಚಾಪೆಯ ಪಕ್ಕ ನಿಂತರು.

"ಏ ಬೇಟಾ, ಡಾಕ್ಟರು ನನಗೆ ದಿನಾ ಹೊಳೆ ಸೇತುವೆ ತನಕ ನಡೀಬೇಕು ಅಂದಿದಾರೆ. ಒಬ್ಬನೇ ಹೋದ್ರೆ ಬೀಳ್ತೀನಿ. ಬಿದ್ರೆ ನಿಮ್ಮಮ್ಮಿ ನಿನ್ನನ್ನೇ ಬೈತಾಳೆ. ಏಳು."

ಅವನು ಎದ್ದ. ಮೊದಲ ದಿನ ಬೀದಿಯ ತಿರುವಿನ ತನಕ. ವಾರ ಕಳೆದ ಮೇಲೆ ಸಂತೆ ಮೈದಾನದ ತನಕ. ತಿಂಗಳಾದ ಮೇಲೆ ಭದ್ರಾ ಸೇತುವೆ. ಕೆಲವು ದಿನ ಏಳುತ್ತಿರಲಿಲ್ಲ. ಅಂಥ ದಿನ ಅಪ್ಪ ಚಾಪೆಯ ಪಕ್ಕದಲ್ಲೇ ಕೂತು ಲಾರಿಯ ಟಾರ್ಪಾಲು ಹೊಲಿಯುತ್ತಿದ್ದರು. ಅದು ಅವರ ಹೊಸ ಕಸುಬು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ.

ಒಂದು ಬೆಳಿಗ್ಗೆ ಸೇತುವೆಯ ಕಟ್ಟೆಯ ಮೇಲೆ ಕೂತಾಗ ಮಗ ಬಾಯಿ ಬಿಟ್ಟನಂತೆ. ಇದನ್ನು ನನಗೆ ಹೇಳಿದವರು ಹುಸೇನ್ ಸಾಬರೇ.

"ಅಬ್ಬಾ, ಗಳ ಬೇಕು ಅಂತ ಕೇಳಿದ್ದು ನಾನು."

"ಹೌದು, ನೀನೇ ಕೇಳಿದ್ದು. ತರ್ತೀನಿ ಅಂದಿದ್ದು ಯಾರು?"

"ನೀವು."

"ಸ್ಟೇರಿಂಗ್ ಹಿಡಿದಿದ್ದು?"

"ನೀವು."

"ಇಪ್ಪತ್ತು ವರ್ಷದಿಂದ ಲಾರಿ ಓಡಿಸಿದೀನಿ. ಒಂದೇ ಒಂದು ಆಕ್ಸಿಡೆಂಟ್ ಮಾಡಿದೀನಿ. ಅದನ್ನೂ ನಂದು ಅಂತ ಕಿತ್ಕೊಳ್ತೀಯೇನೋ ನೀನು?"

ದಾದಾಪೀರ್ ಅಳಲು ಶುರು ಮಾಡಿದನಂತೆ. ಬಟ್ಟೆ ಒಗೆಯಲು ಹೊಳೆಗೆ ಬಂದ ಹೆಂಗಸರೆಲ್ಲ ತಲೆಯೆತ್ತಿ ನೋಡುವಷ್ಟು. ಅಪ್ಪ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು, ಅವನು ಮುಗಿಸುವವರೆಗೂ ಕೂತಿದ್ದರು. "ಕಾರ್ಖಾನೆಯ ಸೈರನ್ ಆಗೋವರೆಗೂ ಅತ್ತ ಮೇಷ್ಟ್ರೇ. ಆಮೇಲೆ ಹಸಿವು ಅಂದ. ಮೂರು ದೋಸೆ ತಿಂದ!" ಎಂದು ನನಗೆ ಹೇಳುವಾಗ ಅವರ ಕಣ್ಣೂ ಒದ್ದೆ, ಹಲ್ಲೂ ಹೊರಗೆ.

ಅಳು ಬಂದ ಮಾತ್ರಕ್ಕೆ ಕಾಯಿಲೆ ಹೋಗುತ್ತದೆಯೇ? ಇಲ್ಲ. ಮತ್ತೆ ಎರಡು ಸಲ ಮಲಗಿದ. ಮಾತ್ರೆ ನಡೆದೇ ಇತ್ತು. ಆದರೆ ಮಲಗಿದವನು ಬೇಗ ಎದ್ದ. ಶಾಲೆ ತೆರೆದ ಮೇಲೆ ಒಂದು ಸಂಜೆ ಮೈದಾನದ ಬೇಲಿಯ ಪಕ್ಕ ಬಂದು ನಿಂತ. ಒಬ್ಬ ಹುಡುಗ ಗಳವನ್ನು ಒನಕೆಯ ಹಾಗೆ ಹಿಡಿದು ಓಡುತ್ತಿದ್ದ. ದಾದಾಪೀರ್ ಐದು ನಿಮಿಷ ಸಹಿಸಿಕೊಂಡ. ಆಮೇಲೆ ಬೇಲಿ ಹಾರಿ ಒಳಗೆ ಬಂದ.

"ಹಂಗಲ್ಲ ಮಾರಾಯ! ಮೇಲಿನ ಕೈ ಹಿಂದಕ್ಕೆ!"

ನಾನು ವಿಸಿಲ್ಲನ್ನು ಬಾಯಲ್ಲಿ ಕಚ್ಚಿಕೊಂಡು ನಿಂತೆ. ಭಾಷಣ ತಡೆಯಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಈ ಸಲ ಪರೀಕ್ಷೆಗೆ ಕೂತ, ಸೆಕೆಂಡ್ ಕ್ಲಾಸಿನಲ್ಲಿ ಪಾಸಾದ. ಪಿಯುಸಿಗೆ ಶಿವಮೊಗ್ಗದ ಕಾಲೇಜು. ಹಾಸ್ಟೆಲ್ ಸೀಟು ಸಿಕ್ಕರೆ ಮಾತ್ರ ಓದು, ಇಲ್ಲದಿದ್ದರೆ ಅಪ್ಪನ ಪಕ್ಕದಲ್ಲಿ ಟಾರ್ಪಾಲು. ಆಟದಲ್ಲಿ ಮುಂದಿರುವವರಿಗೆ ಫೀ ಇಲ್ಲದೆ ಸೀಟು, ಹಾಸ್ಟೆಲಿನಲ್ಲಿ ಊಟ ಎಂದು ತಿಳಿದು ಕಾಲೇಜಿಗೆ ಕಾಗದ ಬರೆದೆ. ಗಳದೊಂದಿಗೆ ಬನ್ನಿ, ಹಾರುವುದನ್ನು ನೋಡಬೇಕು ಎಂದು ಉತ್ತರ ಬಂತು. ಸೋಮವಾರ ಬಿದಿರಿಗೆ ಟಿಕೆಟ್ ತೆಗೆದುಕೊಂಡದ್ದು ಅದಕ್ಕೆ.

ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು. ಓದು ನಡುವೆ ನಿಂತಿದ್ದರೆ ಕಾರಣವೇನು? ಹೆಡ್ಮಾಸ್ಟರು ಮೊದಲೇ ಎಚ್ಚರಿಸಿದ್ದರು. "ನಿಜ ಬರೀಬೇಡಿ. ತಲೆ ಸರಿ ಇಲ್ಲದ ಹುಡುಗ ಅಂತ ಹಾಸ್ಟೆಲ್ ತಪ್ಪಿಸಿಬಿಡ್ತಾರೆ." ನನಗೂ ಸರಿ ಎನಿಸಿತು. ಬಸ್ಸು ಮಲವಗೊಪ್ಪದಲ್ಲಿ ನಿಂತಾಗ, ಅಲುಗಾಟವಿಲ್ಲದ ಆ ಎರಡು ನಿಮಿಷದಲ್ಲಿ, ನೀಟಾಗಿ 'ಕಾಮಾಲೆ' ಎಂದು ಬರೆದೆ. ದಾದಾಪೀರ್ ಅದನ್ನು ಓದಿದ. ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಕಾಲೇಜಿನ ಮೈದಾನದಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು ಪಟ್ಟಿಯನ್ನು ಒಂಬತ್ತೂವರೆ ಅಡಿಗೆ ಏರಿಸಿದರು. ಮೊದಲ ಸಲ ಎದೆ ತಗಲಿತು. ಎರಡನೆಯ ಸಲ ಮೊಣಕೈ. ಮೂರನೆಯ ಸಲ ಓಡುವ ಮುಂಚೆ ಅವನು ಗಳವನ್ನು ಕೆಳಗಿಟ್ಟು, ಎರಡು ಸಲ ಉಸಿರೆಳೆದು, ಪ್ಯಾಂಟಿಗೆ ಕೈ ಒರೆಸಿಕೊಂಡ. ಓಡಿದ. ಬಿದಿರು ಬಾಗಿತು, ಹುಡುಗ ಎದ್ದ, ದಾಟಿದ! ಪಟ್ಟಿ ಅಲುಗಿತು, ಬೀಳಲಿಲ್ಲ. ಮರಳಿನಲ್ಲಿ ಅಂಗಾತ ಬಿದ್ದವನು ಆಕಾಶ ನೋಡಿಕೊಂಡು ನಗುತ್ತಿದ್ದ. ನಾನು? ವಿಸಿಲ್ ಊದುತ್ತಿದ್ದೆ. ಕಾಲೇಜಿನವರು ಅದನ್ನು ನಿಲ್ಲಿಸಲು ಹೇಳಬೇಕಾಯಿತು.

"ಸೀಟು ಆಯ್ತು ಅಂದ್ಕೊಳ್ಳಿ" ಎಂದರು ದೈಹಿಕ ಶಿಕ್ಷಣದ ಮೇಷ್ಟ್ರು. ಇನ್ನು ಪ್ರಿನ್ಸಿಪಾಲರ ಕೊಠಡಿಯಲ್ಲಿ ಹತ್ತು ನಿಮಿಷದ ಕೆಲಸ.

ಪ್ರಿನ್ಸಿಪಾಲರ ಪಕ್ಕದಲ್ಲಿ ಹಾಸ್ಟೆಲ್ ವಾರ್ಡನ್ ಕೂತಿದ್ದರು. ಪ್ರಿನ್ಸಿಪಾಲರು ಅರ್ಜಿ ನೋಡಿದರು. "ಕಾಮಾಲೆ. ಒಂದು ವರ್ಷ! ಜೋರಾಗೇ ಬಂದಿತ್ತೇನಪ್ಪ?"

"ಅದು ತಪ್ಪು ಸಾರ್" ಎಂದ ದಾದಾಪೀರ್. "ಕಾಮಾಲೆ ಆಗಿರ್ಲಿಲ್ಲ. ನನಗೆ ಮನಸ್ಸಿನ ಕಾಯಿಲೆ ಆಗಿತ್ತು."

ಪ್ರಿನ್ಸಿಪಾಲರು ಅರ್ಜಿಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಕಿವಿ ಬಿಸಿಯಾಯಿತು.

"ಮೇಷ್ಟ್ರೇ, ಈ ಅಕ್ಷರ ನಿಮ್ಮದಾ?"

"ಹೌದು ಸಾರ್" ಎಂದೆ, ಒಂದನೇ ಕ್ಲಾಸಿನ ಹುಡುಗನ ದನಿಯಲ್ಲಿ.

ವಾರ್ಡನ್ ಮುಂದಕ್ಕೆ ಬಾಗಿದರು. "ಸರ್, ಹಾಸ್ಟೆಲಿನಲ್ಲಿ ಬೇರೆ ಹುಡುಗರೂ ಇದ್ದಾರೆ. ಇಂಥವರನ್ನ..."

ಪ್ರಿನ್ಸಿಪಾಲರು ಕೈಯೆತ್ತಿ ತಡೆದರು. "ಈಗ ಹೇಗಿದ್ದೀಯಪ್ಪ?"

"ಚೆನ್ನಾಗಿದ್ದೀನಿ ಸಾರ್. ಯಾವಾಗಲಾದ್ರೂ ಒಂದೊಂದು ದಿನ ಬರುತ್ತೆ. ಬಂದ್ರೆ ಏನು ಮಾಡ್ಬೇಕು ಅಂತ ಗೊತ್ತು. ಎದ್ದು ನಡೀತೀನಿ. ಯಾರ ಹತ್ರನಾದ್ರೂ ಹೇಳ್ತೀನಿ. ಡಾಕ್ಟರು ಇದೇ ಊರಲ್ಲಿದ್ದಾರೆ."

ಪ್ರಿನ್ಸಿಪಾಲರು ವಾರ್ಡನ್ ಕಡೆ ತಿರುಗಿದರು. "ಹೋದ ವರ್ಷ ನಿಮ್ಮ ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಹದಿನೈದು ದಿನ ರೂಮಿಂದ ಹೊರಗೇ ಬರ್ಲಿಲ್ಲ. ನಮಗೆ ಗೊತ್ತಾಗಿದ್ದು ಅವರಪ್ಪ ಬಂದು ಕರ್ಕೊಂಡು ಹೋದ ದಿನ. ಇವನು ಬರೋದಕ್ಕೆ ಮುಂಚೆನೇ ಹೇಳ್ತಿದ್ದಾನೆ. ಯಾರಿಂದ ನಮಗೆ ಹೆಚ್ಚು ತೊಂದರೆ?"

ವಾರ್ಡನ್ ತಮ್ಮ ಪುಸ್ತಕ ತೆರೆದು ಅವನ ಹೆಸರು ಬರೆದುಕೊಂಡರು. ಆಮೇಲೆ, "ಬೆಳಿಗ್ಗೆ ಎಷ್ಟು ಹೊತ್ತಿಗೆ ನಡೀತೀಯ?" ಎಂದು ಕೇಳಿದರು.

"ಆರಕ್ಕೆ ಸಾರ್."

"ಗೇಟ್ ತೆಗೆಸಿರ್ತೀನಿ. ಆದ್ರೆ ಆ ಬಿದಿರನ್ನ ರೂಮಿಗೆ ತರಬಾರದು."

ಪ್ರಿನ್ಸಿಪಾಲರು ಪೆನ್ನನ್ನು ದಾದಾಪೀರನ ಕಡೆ ಚಾಚಿದರು. ನಾನು ಬರೆದದ್ದನ್ನು ಹೊಡೆದುಹಾಕಿ ಅವನೇ ತಿದ್ದಿದ. ಕೆಳಗೆ ಅವರ ಸಹಿ ಬಿತ್ತು.

ಹೊರಗೆ ಬಂದು ಹೋಟೆಲಿನಲ್ಲಿ ಕಾಫಿಗೆ ಕೂತೆವು. "ಯಾಕೋ ಹೇಳಿದೆ? ಸೀಟು ಹೋಗಿದ್ರೆ?" ಎಂದೆ.

ಅವನು ಕಾಫಿ ಆರಿಸಿಕೊಂಡು ಒಂದು ಗುಟುಕು ಕುಡಿದ. "ಕಾಮಾಲೆ ಅಂತ ಹೇಳಿ ಸೇರಿದ್ರೆ, ಮುಂದೆ ನನಗೆ ಹುಷಾರಿಲ್ದಾಗ ಯಾರ ಹತ್ರ ಹೋಗಿ ಏನಂತ ಹೇಳ್ಲಿ ಸಾರ್?"

ಅವನ ವಯಸ್ಸಿನ ಎರಡರಷ್ಟು ದಾಟಿದ ನನಗೆ ಇಷ್ಟು ಸರಳವಾದ ಲೆಕ್ಕ ಹೊಳೆದಿರಲಿಲ್ಲ.

ಅಂದಹಾಗೆ, ನಿಮ್ಮ ಮನೆಯಲ್ಲಿ ಇದುವರೆಗೆ ಎಷ್ಟು ಜನರಿಗೆ 'ಕಾಮಾಲೆ' ಆಗಿದೆ?