ನೂರುಲ್ಲಾನ ಸಾರಜ್ಜಿ

ಶಿಡ್ಲಘಟ್ಟದ ನೂರುಲ್ಲಾನ ಮನೆಯಲ್ಲಿ ಎರಡೇ ಸದ್ದು. ಒಂದು ರೇಷ್ಮೆ ನೂಲು ಬಿಚ್ಚುವ ಚರಕದ್ದು, ಇನ್ನೊಂದು ನೂರುಲ್ಲಾನದು. ಹೆಂಡತಿ ಷಮೀಮ್‌ಗೆ ಕನ್ನಡ ಮಾತು ಬರುತ್ತಿತ್ತೇ ಹೊರತು ಅಕ್ಷರ ಬರುತ್ತಿರಲಿಲ್ಲ. ಮೇಲಾಗಿ ಕುದಿನೀರಿನಲ್ಲಿರುವ ರೇಷ್ಮೆಗೂಡಿನಿಂದ ಎಳೆ ಎತ್ತುವವರು ಕಣ್ಣು ಕದಲಿಸುವಂತಿಲ್ಲ. ಹಾಗಾಗಿ ಮಾರುಕಟ್ಟೆಯಿಂದ ಗೂಡು ತಂದುಹಾಕಿ, ಅವಳ ಪಕ್ಕ ಸ್ಟೂಲು ಎಳೆದುಕೊಂಡು, ಹನ್ನೊಂದು ಸಂಪುಟಗಳ ‘ಮಂಜುಮುಡಿ ಸಂಸ್ಥಾನ’ ಎಂಬ ಕನ್ನಡ ಕಾದಂಬರಿಯನ್ನು ಹನ್ನೆರಡು ವರ್ಷದಿಂದ ಮನೆಮಾತಾದ ಉರ್ದುವಿನಲ್ಲಿ ಓದಿ ಹೇಳುತ್ತಿದ್ದ. ಈ ಏರ್ಪಾಡಿನಲ್ಲಿ ಬೆವರು ಯಾರದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅದು ಸಿನಿಮಾ ಆಗುತ್ತದೆ ಎಂದು ತಿಳಿದ ದಿನ ಷಮೀಮ್ ಕೇಳಿದ್ದು ಒಂದೇ ಮಾತು.

“ನಮ್ ಸಾರಜ್ಜಿ ಇರ್ತಾಳೆ ತಾನೆ? ಮದುವೆ ಆದ್ಮೇಲೆ ಟಾಕೀಸಿನ ಮೆಟ್ಲು ಹತ್ತಿಲ್ಲ ನಾನು. ಅವಳಿದ್ರೆ ಬರ್ತೀನಿ.”

ಸಾರಜ್ಜಿ ಎಂದರೆ ನಾಲ್ಕನೇ ಸಂಪುಟದ ಮಹಾಯುದ್ಧದ ನಡುವೆ ಹುರುಳಿಸಾರಿನ ಪಾತ್ರೆ ಹೊತ್ತು ನುಗ್ಗುವ ಮುದುಕಿ. ಎರಡೂ ಸೈನ್ಯಕ್ಕೂ, ಕೊನೆಗೆ ಬೆಂಕಿಯುಗುಳುವ ಹಾವಿಗೂ ಒಂದೊಂದು ಸೌಟು ಬಡಿಸುತ್ತಾಳೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಹೆಂಡತಿ ಬಾಯಿಬಿಟ್ಟು ಹೇಳಿದ ಮೊದಲ ಆಸೆ ಇದು.

ನೂರುಲ್ಲಾ ಸಿನಿಮಾದವರಿಗೆ ಒಂಬತ್ತು ಪತ್ರ ಬರೆದ. ಉತ್ತರವಿಲ್ಲ. ಮುರುಗಮಲ್ಲದ ಹತ್ತಿರ ಶೂಟಿಂಗ್ ನಡೆದಿದೆ ಎಂದು ಕೇಳಿದ್ದೇ ತಡ, ಹನ್ನೊಂದು ಸಂಪುಟವನ್ನೂ ಗೂಡಿನ ಚೀಲಕ್ಕೆ ತುಂಬಿ ಬಸ್ ಹತ್ತಿದ. ಅಲ್ಲಿ ಮಹತಿ ಎಂಬ ಸಹಾಯಕ ನಿರ್ದೇಶಕಿ ಇವನ ಕಾಟ ತಾಳಲಾರದೆ ಚಿತ್ರಕಥೆಯನ್ನೇ ಕೈಗಿಟ್ಟಳು. ಗೂಡಿನ ಮಾರುಕಟ್ಟೆಯಲ್ಲಿ ಮೇಲಿನ ಗೂಡು ನೋಡಿ ಯಾರೂ ಬೆಲೆ ಕೂಗುವುದಿಲ್ಲ, ತಳಕ್ಕೆ ಕೈ ಹಾಕಿ ನೋಡುತ್ತಾರೆ. ನೂರುಲ್ಲಾ ಚಿತ್ರಕಥೆಯನ್ನೂ ತಳದಿಂದಲೇ ಬಗೆದ. ಸಾರಜ್ಜಿ ಎಲ್ಲೂ ಇಲ್ಲ.

“ಊಟ ಇಲ್ದೆ ಯಾವ ಸೀಮೆ ಯುದ್ಧನಮ್ಮಾ ಇದು? ಪುಸ್ತಕದಲ್ಲಿರೋದನ್ನ ಕಿತ್ತಾಕೋಕೆ ನೀವ್ಯಾರು?”

“ಪುಸ್ತಕದಲ್ಲಿ ಎಲ್ಲಿದೆ ಅಂಕಲ್? ಪೇಜ್ ತೋರ್ಸಿ.”

ಚೀಲ ಬಿಚ್ಚಿದರು. ಕಿರೀಟ ಹೊತ್ತ ರಾಜ ಒಂದನೇ ಸಂಪುಟ ಹಿಡಿದ. ಸತ್ತು ಬಿದ್ದಿದ್ದ ಸೈನಿಕರು ಎದ್ದು ಕೂತು ಉಳಿದವನ್ನು ಹಂಚಿಕೊಂಡರು. ಮಧ್ಯಾಹ್ನದವರೆಗೂ ಹುಡುಕಿದರು. ನಾಲ್ಕನೇ ಸಂಪುಟದಲ್ಲಿ ನೂರಾಹತ್ತು ಪುಟ ಬರೀ ಕತ್ತಿ, ಕುದುರೆ.

ಆಗ ನೂರುಲ್ಲಾನಿಗೆ ನೆನಪಾಯಿತು. ಆ ಕತ್ತಿ ಕುದುರೆ ಕೇಳಿ ಕೇಳಿ ಬೇಸತ್ತ ಷಮೀಮ್ ಒಮ್ಮೆ, “ಇವರೆಲ್ಲ ಊಟ ಯಾವಾಗ ಮಾಡ್ತಾರೆ?” ಎಂದಿದ್ದಳು. ಕಥೆಯೇ ಬೇಡ ಎಂದುಬಿಟ್ಟಾಳು ಎಂದು ಹೆದರಿ, ಒಬ್ಬ ಮುದುಕಿಯನ್ನು ತಾನೇ ಹುಟ್ಟಿಸಿದ್ದ. ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದ. ಭೂಮಿ ಬಾಯಿಬಿಡಬಾರದೇ ಎನಿಸಿತು.

ಮನೆಗೆ ಬಂದು ಒಪ್ಪಿಕೊಂಡ. ಷಮೀಮ್ ಎಳೆಯಿಂದ ಕಣ್ಣೆತ್ತಲಿಲ್ಲ.

“ನಂಗೊತ್ತು. ಅವಳು ಬಂದಾಗೆಲ್ಲ ಪುಟ ತಿರುವೋ ಸದ್ದೇ ಬರ್ತಿರ್ಲಿಲ್ಲ.”

“ಮತ್ತೆ ಸಿನಿಮಾದಲ್ಲಿ ಇರ್ತಾಳಾ ಅಂತ ಯಾಕೆ ಕೇಳ್ದೆ?”

“ಅಷ್ಟು ಚೆನ್ನಾಗಿರೋಳನ್ನ ಅವರೂ ಹಾಕ್ಕೊಂಡಿರ್ತಾರೆ ಅಂದ್ಕೊಂಡೆ.”

ನೂರುಲ್ಲಾನ ಕಣ್ಣು ತುಂಬಿತು. “ಸಿನಿಮಾ ಬರ್ಲಿ, ಹೋಗಣ. ಅವಳನ್ನ ನಾನು ಕರ್ಕೊಂಡ್ ಬರ್ತೀನಿ,” ಎಂದ.

ಸಿನಿಮಾ ಬಂದಾಗ ಇಬ್ಬರೂ ಚಿಂತಾಮಣಿಯ ಟಾಕೀಸಿನಲ್ಲಿ ಕೂತಿದ್ದರು. ತೆರೆಯ ಮೇಲೆ ಯುದ್ಧ ಶುರುವಾಯಿತು. ನೂರುಲ್ಲಾ ಹೆಂಡತಿಯ ಕಿವಿಯಲ್ಲಿ ಉರ್ದುವಿನಲ್ಲಿ ಸಾರಜ್ಜಿಯನ್ನು ನುಗ್ಗಿಸಿದ. ಮುಂದಿನ ಸಾಲಿನಲ್ಲಿದ್ದ ಆಂಜಿನಮ್ಮ ಸಂತೆಯಲ್ಲಿ ಸೊಪ್ಪು ಮಾರುತ್ತಲೇ ಉರ್ದು ಕಲಿತವಳು. ಗಕ್ಕನೆ ತಿರುಗಿದಳು. ಬೈಗುಳ ಬಿತ್ತು ಎಂದುಕೊಂಡು ನೂರುಲ್ಲಾ ತೆಪ್ಪಗಾದ.

“ಒಸಿ ಜೋರಾಗಿ ಹೇಳಪ್ಪ. ಹಾವಿಗೆ ಸಾರು ಸಿಕ್ತಾ?”

“ಇರಮ್ಮ, ಈಗ ಬರ್ತಾಳೆ,” ಎಂದಳು ಷಮೀಮ್, ತೆರೆಯಿಂದ ಕಣ್ಣು ಕದಲಿಸದೆ.