ಕಣ್ಣುರಿಸದ ಅಂಟು

ಗಿಣಿಗೇರಾ ಬಳಿಯ ಬಾಗಿಲು ಮಾಡುವ ಕಾರ್ಖಾನೆಯಲ್ಲಿ ಅಂಟು ತಯಾರಿಸುವುದು ನನ್ನ ಕೆಲಸ. ತೆಳು ಹಲಗೆಗಳಿಗೆ ರಾಳದ ಅಂಟು ಬಳಿದು ಬಿಸಿ ಪ್ರೆಸ್‌ನಲ್ಲಿ ಒತ್ತಿದರೆ ಅದು ಗಟ್ಟಿಯಾಗುತ್ತದೆ. ಹಳೆಯ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ಘಾಟು ರಾಸಾಯನಿಕ ಹೆಚ್ಚಿತ್ತು. ಪ್ರೆಸ್ ತೆರೆದಾಗಲೆಲ್ಲ ಎಲ್ಲರ ಕಣ್ಣಲ್ಲೂ ನೀರು ಬರುತ್ತಿತ್ತು; ಆ ಘಾಟಿನಲ್ಲಿ ಶೆಡ್ಡಿನೊಳಗೆ ಬೇರೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ.

ಆ ರಾಸಾಯನಿಕ ತಗ್ಗಿಸಿ ಹೊಸ ಅಂಟು ಕಲಸಿದೆ. ಪ್ರೆಸ್ ನಡೆಸುವ ಚಾಚಾ ಮೂಸಿ ನೋಡಿ, “ವಾಸನೀನ ಇಲ್ಲಲ್ರಿ ಮೇಡಂ, ಇದು ಹಿಡಿತೈತೇನ್ರಿ?” ಎಂದರು.

ಹಿಡಿಯಲಿಲ್ಲ. ಅಂಚು ಗಟ್ಟಿಯಿತ್ತು, ಬಾಗಿಲಿನ ನಡುಭಾಗ ಉಬ್ಬಿತ್ತು. ಹಲಗೆಯ ತೇವ ಹಬೆಯಾಗಿ ಒಳಗೆ ಸಿಕ್ಕಿಕೊಂಡಿತ್ತು, ಹೊಸ ಅಂಟು ಗಟ್ಟಿಯಾಗಲು ಹೊತ್ತೂ ಸಾಲದಾಗಿತ್ತು.

ಮುಂದಿನ ವಾರ ಹಲಗೆಗಳನ್ನು ಚೆನ್ನಾಗಿ ಒಣಗಿಸಿ, ಹೆಚ್ಚು ಹೊತ್ತು ಒತ್ತಿದೆವು. ಚಾಚಾ ಬಾಗಿಲಿನ ನಡುವೆ ಕೊಯ್ದು, ಉಳಿ ಹಾಕಿ ಮೀಟಿದರು. ಕಟ್ಟಿಗೆ ಸೀಳಿತು, ಅಂಟು ಬಿಡಲಿಲ್ಲ.

“ಛಲೋ ಹಿಡದೈತ್ರಿ,” ಎಂದಷ್ಟೇ ಹೇಳಿ ಮುಂದಿನ ಹಲಗೆ ಎತ್ತಿಕೊಂಡರು.

ಮಧ್ಯಾಹ್ನ ಅವರು ಶೆಡ್ಡಿನಲ್ಲೇ ಬುತ್ತಿ ಬಿಚ್ಚಿದಾಗ, ಅಂಟು ಬಳಿಯುವ ಅಕ್ಕ ದೂರದಿಂದಲೇ ಕೇಳಿದಳು: “ಚಾಚಾ, ಪುಂಡಿಪಲ್ಯ ತಂದೀರೇನ್ರಿ? ಇಲ್ಲಿತನಕ ವಾಸನಿ ಬರಾಕತ್ತೈತಿ.”

ಚಾಚಾ ನಕ್ಕು ಆ ಹುಳಿಸೊಪ್ಪಿನ ಪಲ್ಯದ ಡಬ್ಬಿಯನ್ನು ಅವಳತ್ತ ಸರಿಸಿದರು.